ಹೆಪ್ಪಿನ ಜೀವಾಣು, ನಮ್ಮ ಹೊಣೆ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತುಗಳು)



ಹಾಲಿನ ರೇಟು, ಫ್ಯಾಟು ದಿನಾ ಮಾತಾಡೋದು ಇದ್ದದ್ದೇ. ಈ ಶುಭದಿನ ನಾವು ಹೆಪ್ಪಿನ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ಹೆಪ್ಪು ಅಂದರೆ ಬರೀ ಹುಳಿಯಲ್ಲ, ಅದರಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿವೆ. ಹಾಲಿನ ಸಕ್ಕರೆಯನ್ನು ತಿಂದು ಆಮ್ಲ ಮಾಡುತ್ತವೆ, ಅದರಿಂದಲೇ ಹಾಲು ಗಟ್ಟಿಯಾಗಿ ಮೊಸರಾಗುತ್ತದೆ. 1905ರಲ್ಲಿ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ತಮ್ಮ ನಾಡಿನ ಮೊಸರಿನಲ್ಲಿ ಈ ಜೀವಾಣುವನ್ನು ಗುರುತಿಸಿದರು. 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕಾಫ್, ಮೊಸರುಂಡವರಿಗೆ ಆಯುಸ್ಸು ಹೆಚ್ಚೆಂದು ನಂಬಿದ್ದರು. ಅದು ರುಜುವಾತಾಗಲಿಲ್ಲ. ಆದರೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಮೊಸರು ಒಗ್ಗುವುದು ನಿಜ. ಹಾಲಿನ ಸಕ್ಕರೆ ಅರಗಿಸಲು ಈ ಜೀವಾಣುಗಳೇ ನೆರವಾಗುತ್ತವೆ.

ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣುಗಳಿಗೆ ಪ್ರೊಬಯಾಟಿಕ್ ಎನ್ನುತ್ತಾರೆ. 2001ರಲ್ಲಿ ವಿಶ್ವಸಂಸ್ಥೆಯ ತಜ್ಞರು ಹೀಗೆ ಅರ್ಥ ಹೇಳಿದರು. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಸೇರಿಸಿಕೊಂಡು ಪ್ರಯೋಗ ನಡೆಯಿತು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟೇರಂ ಎಂಬ ತಳಿಯನ್ನು ಒಂದು ವಾರ ಕೊಟ್ಟ ಶಿಶುಗಳಲ್ಲಿ ರಕ್ತದ ಸೋಂಕು ಮತ್ತು ಸಾವು ಸೇರಿ ಶೇ. 40ರಷ್ಟು ಕಡಿಮೆಯಾಯಿತೆಂದು 2017ರಲ್ಲಿ ಪ್ರಕಟವಾಗಿದೆ. ಹಾಗಂತ ಕೂಸಿಗೆ ಮೊಸರು ನೆಕ್ಕಿಸಬೇಡಿ, ತಾಯಂದಿರೇ. ಅದು ವೈದ್ಯರು ಆಯ್ದ ತಳಿ, ಅಳತೆ ಮಾಡಿ ಕೊಟ್ಟದ್ದು. ಕೂಸಿಗೆ ಆರು ತಿಂಗಳು ಎದೆಹಾಲೊಂದೇ ಸಾಕು. ಮನೆಯ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಎಂದು ಹೇಳಲಾಗದು. ಮೊಸರು ಒಳ್ಳೆಯ ಆಹಾರ, ಔಷಧಿಯಲ್ಲ. ಮಜ್ಜಿಗೆಹುಳಿ ಮಾಡಿ ಕುದಿಸಿದರೆ ಜೀವಾಣು ಉಳಿಯದು, ರುಚಿ ಉಳಿಯುತ್ತದೆ.

ಈಗ ನಮ್ಮದೇ ಒಂದು ತಪ್ಪು ಹೇಳುತ್ತೇವೆ. ಒಮ್ಮೆ ನಮ್ಮ ಹಸುವಿಗೆ ಕೆಚ್ಚಲು ಬಾವು ಬಂತು, ಡಾಕ್ಟರು ಇಂಜೆಕ್ಷನ್ ಕೊಟ್ಟು, ಇಷ್ಟು ದಿನ ಹಾಲು ಹಾಕಬೇಡಿ ಅಂದರು. ಬಟವಾಡೆ ಕಡಿಮೆಯಾದೀತೆಂದು ಎರಡನೇ ದಿನವೇ ಕ್ಯಾನಿಗೆ ಸುರಿದೆವು. ಮನೆಗೆ ಉಳಿಸಿಕೊಂಡ ಹಾಲಿಗೆ ಹೆಪ್ಪು ಹಾಕಿದರೆ ಬೆಳಿಗ್ಗೆಯಾದರೂ ನೀರು ನೀರಾಗಿಯೇ ಇತ್ತು. ಆ ಔಷಧಿ ಹೆಪ್ಪಿನ ಜೀವಾಣುವನ್ನೂ ಕೊಂದಿತ್ತು. ಕಾಯಿಸಿದರೂ ಆ ಅಂಶ ಪೂರಾ ಹೋಗುವುದಿಲ್ಲ. ನಾವು ಸುರಿದದ್ದು ಎಲ್ಲರ ಹಾಲಿಗೂ ಸೇರಿತಲ್ಲ ಎಂದು ಆ ದಿನ ತಲೆ ತಗ್ಗಿಸಿದೆವು.

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯವೂ ಹಿಂದೆ ಹಳ್ಳಿಯೇ. ಈಗ ಸಣ್ಣ ಸಣ್ಣ ಕಾರ್ಖಾನೆಗಳು, ವಠಾರಗಳು. ಅಲ್ಲಿ ಮೆಷಿನ್ ಮುಂದೆ ನಿಲ್ಲುವ ನಮ್ಮ ಮಕ್ಕಳು, ನೆಂಟರು ಮಧ್ಯಾಹ್ನ ಡಬ್ಬಿ ತೆಗೆದು ಉಣ್ಣುವುದು ಮೊಸರನ್ನ. ಆ ಮೊಸರು ನಮ್ಮಂಥವರ ಕೊಟ್ಟಿಗೆಯ ಹಾಲಿನದೇ.

ಆದ್ದರಿಂದ ಬಂಧುಗಳೇ, ಡಾಕ್ಟರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ಕಾರ್ಯದರ್ಶಿಯವರಿಗೆ ಮೊದಲೇ ತಿಳಿಸಿ, ಅದರಲ್ಲಿ ನಾಚಿಕೆಯೇನಿಲ್ಲ. ನಾಲ್ಕು ದಿನದ ದುಡ್ಡು ಹೋದರೆ ಹೋಗಲಿ, ಇಪ್ಪತ್ತೈದು ವರ್ಷದಿಂದ ಉಳಿಸಿಕೊಂಡ ನಂಬಿಕೆ ಹೋಗಬಾರದು.