ಕಡಲಿನ ಅಮಾನತ್ತು ಮತ್ತು ನಮ್ಮ ಮಕ್ಕಳು

(ಜುಮುಅ ಖುತುಬಾದ ಸಾರಾಂಶ)



ಆಗಸ್ಟ್ ಒಂದರಿಂದ ಬೋಟುಗಳು ಮತ್ತೆ ಕಡಲಿಗೆ ಇಳಿದಿವೆ. ಎರಡು ತಿಂಗಳು ಒಣಮೀನು, ಐಸಿನ ಮೀನು ಎಂದು ಸುಧಾರಿಸಿಕೊಂಡಿದ್ದ ನಮ್ಮ ಅಡುಗೆಮನೆಗಳಲ್ಲಿ ತಾಜಾ ಬಂಗುಡೆಯ ಪರಿಮಳ ಮರಳಿದೆ. ಅಲ್‌ಹಮ್ದುಲಿಲ್ಲಾಹ್. ಈ ವಾರ ಮೀನಿನ ಬಗ್ಗೆಯೇ ಮಾತನಾಡೋಣ. ಮಿಂಬರಿನಲ್ಲಿ ನಿಂತು ಮೀನಿನ ಮಾತೇ ಎಂದು ಯಾರಿಗಾದರೂ ನಗು ಬರಬಹುದು. ಆದರೆ ಅನ್ನಹ್ಲ್ ಅಧ್ಯಾಯದ 14ನೇ ವಚನದಲ್ಲಿ ಅಲ್ಲಾಹನು ಕಡಲನ್ನು ನಮಗೆ ಅಧೀನಗೊಳಿಸಿದ್ದನ್ನು, ಅದರಿಂದ ನಾವು ತಾಜಾ ಮಾಂಸ ತಿನ್ನುವುದನ್ನು ನೆನಪಿಸಿ, ಇದೆಲ್ಲ ನಾವು ಕೃತಜ್ಞರಾಗಲೆಂದು ಎಂಬ ಮಾತನ್ನೂ ಸೇರಿಸಿದ್ದಾನೆ. ನಮ್ಮ ಊಟದ ತಟ್ಟೆಗೂ ಕೃತಜ್ಞತೆಗೂ ಅಲ್ಲಿಯೇ ನಂಟು ಬಿದ್ದಿದೆ.

ಕಳೆದ ವಾರ ಮದ್ರಸದ ಚಿಕ್ಕ ಮಕ್ಕಳನ್ನು, ಮೀನು ಎಲ್ಲಿಂದ ಬರುತ್ತದೆ ಎಂದು ಕೇಳಿದೆವು. ಒಬ್ಬ ‘ಫ್ರಿಜ್ಜಿನಿಂದ’ ಎಂದ. ಇನ್ನೊಬ್ಬಳು ‘ಬೈಕಿನಲ್ಲಿ ಹಾರ್ನ್ ಹಾಕುತ್ತಾ ಬರುವ ಕಾಕ ತರುತ್ತಾರೆ’ ಎಂದಳು. ಕಡಲ ಮೊರೆತ ಕೇಳುವಷ್ಟು ಹತ್ತಿರದಲ್ಲಿ ಮಲಗುವ ಮಕ್ಕಳಿವರು! ತಪ್ಪು ಅವರದ್ದಲ್ಲ. ಧಕ್ಕೆಗೆ ಅವರನ್ನು ಕರೆದುಕೊಂಡು ಹೋದವರು ನಮ್ಮಲ್ಲಿ ಎಷ್ಟು ಮಂದಿ?

ಮಕ್ಕಳಿಗೆ ಕಡಲಿನ ಕಥೆ ಹೇಳಬೇಕೆಂದರೆ ಕುರ್‌ಆನಿನಲ್ಲೇ ಒಂದಿದೆ. ಅಲ್ ಅಅ್‌ರಾಫ್ ಅಧ್ಯಾಯದ 163ನೇ ವಚನದಿಂದ ಅದು ಆರಂಭವಾಗುತ್ತದೆ. ಕಡಲತೀರದ ಒಂದು ಊರು. ಆ ಜನರಿಗೆ ಸಬ್ತ್, ಅಂದರೆ ಶನಿವಾರ, ಮೀನು ಹಿಡಿಯಬಾರದೆಂಬ ಆಜ್ಞೆಯಿತ್ತು. ಪರೀಕ್ಷೆ ಹೇಗೆ ಬಂತು ನೋಡಿ. ಶನಿವಾರವೇ ಮೀನುಗಳು ಕಣ್ಣಿಗೆ ಕಾಣುವಂತೆ ನೀರಿನ ಮೇಲೆ ಬರುತ್ತಿದ್ದವು, ಉಳಿದ ದಿನ ಸುಳಿವಿಲ್ಲ. ಆ ಜನರು ಶುಕ್ರವಾರವೇ ಬಲೆ ಹಾಕಿಟ್ಟು ಭಾನುವಾರ ಎಳೆದುಕೊಳ್ಳುತ್ತಿದ್ದರು ಎಂದು ಕೆಲವು ಮುಫಸ್ಸಿರರು ವಿವರಿಸಿದ್ದಾರೆ. ಶನಿವಾರ ನಾವು ಕೈ ಒದ್ದೆ ಮಾಡಿಕೊಂಡೆವೇ ಎಂಬ ವಾದ! ಮೀನು ಹಲಾಲೇ ಆಗಿತ್ತು, ಅದರಲ್ಲಿ ಸಂಶಯವಿಲ್ಲ. ಹಿಡಿದ ಹೊತ್ತು ಹಲಾಲ್ ಆಗಿರಲಿಲ್ಲ. ಇದನ್ನು ಯಾವುದೋ ಕಾಲದ, ಯಾವುದೋ ಜನರ ಕಥೆಯೆಂದು ಓದಿ ಪುಟ ಮಗುಚಬೇಡಿ. ಕಥೆ ಕಡಲತೀರದವರದ್ದು, ನಾವೂ ಕಡಲತೀರದವರು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ. ಮಳೆಗಾಲದ ಈ ತಿಂಗಳುಗಳಲ್ಲೇ ಬೂತಾಯಿಯಂತಹ ಮೀನುಗಳು ಹೆಚ್ಚಾಗಿ ಮೊಟ್ಟೆಯಿಡುತ್ತವೆ. ಸಣ್ಣ ನಾಡದೋಣಿಯವರಿಗೆ ನಿಷೇಧವಿಲ್ಲ, ಆದ್ದರಿಂದ ಆ ದಿನಗಳಲ್ಲಿ ಅವರು ತಂದ ಮೀನು ಕೊಳ್ಳುವುದಕ್ಕೆ ಅಳುಕು ಬೇಡ. ಬಡವನ ಒಲೆ ಉರಿಯುವುದೇ ಆಗ. ಆದರೆ ರಾತ್ರಿ ಕಡಲಿನಲ್ಲಿ ಪ್ರಖರವಾದ ಎಲ್‌ಇಡಿ ದೀಪ ಉರಿಸಿ, ಬೆಳಕಿಗೆ ಮುತ್ತುವ ಮೀನನ್ನು ಮರಿ-ತಾಯಿ ಎನ್ನದೆ ಬಾಚುವ ಕ್ರಮವಿದೆಯಲ್ಲ, ಅದನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಆ ಊರಿನವರು ಮೀನು ತಾನಾಗಿ ಮೇಲೆ ಬರುವ ದಿನಕ್ಕೆ ಹೊಂಚು ಹಾಕಿದ್ದರು. ಇಲ್ಲಿ ದೀಪ ಹಿಡಿದು ಅದನ್ನು ಮೇಲಕ್ಕೆ ಕರೆಯಲಾಗುತ್ತದೆ.

ಮಿತಿ ಮೀರಿದರೆ ಕಡಲು ಬರಿದಾಗುವುದೇ? ಬೂತಾಯಿಯನ್ನೇ ನೋಡಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಬಂದದ್ದು ಸುಮಾರು 3,300 ಟನ್ ಮಾತ್ರ. ಲಕ್ಷ ಎಲ್ಲಿ, ಸಾವಿರ ಎಲ್ಲಿ! ಇದಕ್ಕೆ ಬಲೆಯೊಂದೇ ಕಾರಣವಲ್ಲ, ಕಡಲಿನ ಹವಾಮಾನದ ಏರುಪೇರಿನ ಪಾಲು ದೊಡ್ಡದು ಎಂದು ವಿಜ್ಞಾನಿಗಳು ಹೇಳುತ್ತಾರೆ. ಆದರೆ ಹವಾಮಾನ ಕೆಟ್ಟ ವರ್ಷ ಮರಿಗಳನ್ನೂ ಹಿಡಿದು ಮುಗಿಸಿದರೆ ಚೇತರಿಸಿಕೊಳ್ಳಲು ಏನು ಉಳಿಯುತ್ತದೆ? ಬಳಿಕದ ವರ್ಷಗಳಲ್ಲಿ ಬೂತಾಯಿ ಮರಳಿ ಬಂತು. ಅಲ್ಲಾಹನ ಕರುಣೆ. ಬಡವರ ಮೀನು ಅದು. ನಡುವೆ ಅದರ ಬೆಲೆ ಏರಿದಾಗ ಯಾರ ಮನೆಯ ಗಂಜಿಗೆ ಸಾರು ಇಲ್ಲದಾಯಿತು ಎಂಬುದು ನಮಗೆ ಗೊತ್ತಿದೆ.

ಹಾಗಾದರೆ ಮಕ್ಕಳಿಗೆ ಏನು ಕಲಿಸುವುದು? ದೊಡ್ಡ ಪಾಠ ಬೇಡ. ಅವರ ಕಂಪಾಸ್ ಪೆಟ್ಟಿಗೆಯಲ್ಲಿ 15 ಸೆಂಟಿಮೀಟರಿನ ಸ್ಕೇಲ್ ಇರುತ್ತದೆ. ಕೇರಳದ ಕಾನೂನಿನಂತೆ 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆಯನ್ನೂ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನೂ ಹಿಡಿಯುವಂತಿಲ್ಲ. ಅಂದರೆ ಬಂಗುಡೆ ಮೂತಿಯಿಂದ ಬಾಲದ ತುದಿಯವರೆಗೆ ಹೆಚ್ಚುಕಡಿಮೆ ಇಡೀ ಸ್ಕೇಲಿನಷ್ಟು ಇರಬೇಕು. ಮಗು ಅಳೆಯಲಿ. ಚಿಕ್ಕದಿದ್ದರೆ, ‘ಇದು ಇನ್ನೂ ಒಮ್ಮೆಯೂ ಮೊಟ್ಟೆಯಿಡದ ಮರಿ, ಇದನ್ನು ಬಿಟ್ಟಿದ್ದರೆ ನೀನು ದೊಡ್ಡವನಾದಾಗ ನಿನಗೂ ಮೀನು ಇರುತ್ತಿತ್ತು’ ಎಂದು ಹೇಳಿ. ಅಗ್ಗಕ್ಕೆ ಸಿಕ್ಕಿತೆಂದು ಬೆರಳುದ್ದದ ಬಂಗುಡೆ ಮರಿಗಳನ್ನು ಚೀಲ ತುಂಬ ತಂದವರಲ್ಲಿ ನಾವೂ ಇದ್ದೇವೆ. ಅಲ್ಲಾಹನು ಕ್ಷಮಿಸಲಿ.

ಮರಿ ಮೀನು ತಿನ್ನುವುದು ಹರಾಮ್ ಎಂದು ನಾವು ಫತ್ವಾ ಕೊಡುತ್ತಿಲ್ಲ. ಅದು ಉಲಮಾಗಳ ಕೆಲಸ. ಸಿಗಡಿ ತಿನ್ನಬಹುದೇ, ನಮ್ಮ ಮದ್‌ಹಬಿನಲ್ಲಿ ಏನಿದೆ, ಅವರ ಮದ್‌ಹಬಿನಲ್ಲಿ ಏನಿದೆ ಎಂದು ಗಂಟೆಗಟ್ಟಲೆ ಚರ್ಚಿಸುವ ನಾವು, ಅದೇ ಸಿಗಡಿ ಯಾವ ಬಲೆಯಲ್ಲಿ ಬಂತು, ಅದರೊಂದಿಗೆ ಬಲೆಗೆ ಬಿದ್ದ ಮರಿಗಳೆಲ್ಲ ಎಲ್ಲಿಗೆ ಹೋದವು ಎಂದು ಕೇಳುವುದಿಲ್ಲ. ಅವುಗಳಲ್ಲಿ ಬಹಳಷ್ಟು ಫಿಶ್‌ಮಿಲ್‌ಗಳಿಗೆ ಹೋಗಿ ಹಿಟ್ಟಾಗುತ್ತವೆ, ಎಣ್ಣೆಯಾಗುತ್ತವೆ.

ಮದುವೆಯ ಮಾತನ್ನೂ ಹೇಳಿಬಿಡುತ್ತೇವೆ. ವಲೀಮಾ ಅಂದರೆ ಅಂಜಲ್ ಫ್ರೈ ಇರಲೇಬೇಕು ಎಂಬ ಹಟ ಏಕೆ? ಒಂದು ಮೊಳಕ್ಕಿಂತ ಚಿಕ್ಕ ಅಂಜಲ್ ಇನ್ನೂ ಮರಿ. ದೊಡ್ಡದು ಸಿಗದಾಗ ಅದನ್ನೇ ತುಂಡು ಮಾಡಿ ಬಡಿಸುತ್ತಾರೆ, ಅರ್ಧ ತಟ್ಟೆಯಲ್ಲೇ ಉಳಿಯುತ್ತದೆ. ಅದೇ ಅಲ್ ಅಅ್‌ರಾಫ್ ಅಧ್ಯಾಯದ 31ನೇ ವಚನ ತಿನ್ನಲು, ಕುಡಿಯಲು ಅನುಮತಿ ಕೊಟ್ಟು, ಮಿತಿಮೀರುವುದನ್ನು ತಡೆಯುತ್ತದೆ.

ಬೋಟಿನವರನ್ನು ಮಾತ್ರ ದೂರುವುದು ಅನ್ಯಾಯ. ಡೀಸೆಲಿಗೆ, ಐಸಿಗೆ, ಬಲೆಗೆ ಸಾಲ ಮಾಡಿ ಹೋದವನು ಬರಿಗೈಯಲ್ಲಿ ಹಿಂದಿರುಗಲಾರ. ನಮ್ಮ ಈ ಜಮಾಅತಿನಲ್ಲೇ ಬೋಟಿನ ಮಾಲಕರಿದ್ದಾರೆ, ಬಲೆ ಹೆಣೆಯುವವರಿದ್ದಾರೆ, ಏಲಂ ಕರೆಯುವವರಿದ್ದಾರೆ. ಮರಿ ಮೀನಿಗೆ ಗಿರಾಕಿಗಳಿರುವವರೆಗೆ ಅದು ಬುಟ್ಟಿಗೆ ಬರುತ್ತಲೇ ಇರುತ್ತದೆ. ಹೋದ ತಿಂಗಳು ಮಾರುಕಟ್ಟೆಯಲ್ಲಿ ಐದನೇ ತರಗತಿಯ ಹುಡುಗನೊಬ್ಬ ಬುಟ್ಟಿಯ ಮೀನಿಗೆ ಸ್ಕೇಲ್ ಹಿಡಿದಾಗ ಮೀನು ಮಾರುವ ಅಕ್ಕ ಮೊದಲು ನಕ್ಕರು. ಆಮೇಲೆ, ‘ನೀವೆಲ್ಲ ಇದು ಬೇಡ ಎಂದರೆ ನಾನು ಏಲಂನಲ್ಲಿ ಇದನ್ನು ಹಿಡಿಯುವುದೇ ಇಲ್ಲ ಮಗಾ’ ಎಂದರು.

ಸಬ್ತ್‌ನ ಊರಿನಲ್ಲಿ ಮೂರು ಗುಂಪುಗಳಿದ್ದವು. ಒಂದು ಆಜ್ಞೆ ಮುರಿದದ್ದು. ಒಂದು ಬೇಡವೆಂದು ತಿಳಿಹೇಳಿದ್ದು. ಇನ್ನೊಂದು, ಇವರಿಗೆ ಹೇಳಿ ಏನು ಪ್ರಯೋಜನ ಎಂದು ಕೇಳುತ್ತಿದ್ದದ್ದು. ಕೆಡುಕನ್ನು ತಡೆದವರನ್ನು ರಕ್ಷಿಸಲಾಯಿತು ಎಂದು ಕುರ್‌ಆನ್ ಸ್ಪಷ್ಟವಾಗಿ ಹೇಳುತ್ತದೆ. ಮೂರನೆಯವರ ಗತಿಯ ಬಗ್ಗೆ ಮುಫಸ್ಸಿರರಲ್ಲಿ ಭಿನ್ನಾಭಿಪ್ರಾಯವಿದೆ.

ಇನ್‌ಶಾ ಅಲ್ಲಾಹ್, ಬರುವ ಭಾನುವಾರ ಸುಬ್‌ಹ್ ನಮಾಝಿನ ಬಳಿಕ ಮದ್ರಸದ ನಾಲ್ಕನೇ ತರಗತಿಯಿಂದ ಮೇಲಿನ ಮಕ್ಕಳನ್ನು, ಹುಡುಗ ಹುಡುಗಿಯರೆಲ್ಲರನ್ನೂ, ಧಕ್ಕೆಗೆ ಕರೆದೊಯ್ಯುತ್ತೇವೆ. ಮಸೀದಿಯ ಅಂಗಳದಿಂದ ಹೊರಡುವುದು. ಜೊತೆಗೆ ಬರಲು ಸಾಧ್ಯವಿರುವ ತಂದೆತಾಯಂದಿರು ಬರಬೇಕು. ನಮ್ಮ ಜಮಾಅತಿನ ಹಿರಿಯ ತಂಡೇಲರೊಬ್ಬರು ಬಲೆಯ ಕಣ್ಣುಗಳನ್ನು ಬಿಡಿಸಿ ತೋರಿಸಲು ಒಪ್ಪಿದ್ದಾರೆ. ಮಕ್ಕಳ ಕೈಯಲ್ಲಿ ಸ್ಕೇಲ್ ಕೊಟ್ಟು ಕಳುಹಿಸಿ.