ಕಳ್ಳಿಯ ಮೇಲೊಂದು ಬಣ್ಣದ ಹುಳು

ಬ್ರಹ್ಮಸಮುದ್ರ, ಕಲ್ಯಾಣದುರ್ಗದ ಕಡೆ ಮಳೆ ಕಡಿಮೆ. ಶೇಂಗಾ ಹೊಲ, ಬಂಡೆಗುಡ್ಡ, ಕುರಿಮಂದೆ ಇವೇ ಹೆಚ್ಚು. ಇಂಥ ಒಣನೆಲದಲ್ಲಿ ಪಾಪಾಸುಕಳ್ಳಿ ಕಂಡರೆ, ಮಕ್ಕಳೇ, ಹತ್ತಿರ ಹೋಗಿ ನೋಡಿ. ಆದರೆ ಮುಟ್ಟಬೇಡಿ, ಅದರ ಸಣ್ಣ ಮುಳ್ಳುಗಳು ಚರ್ಮಕ್ಕೆ ಹೊಕ್ಕರೆ ಬೇಗ ಹೊರಬರುವುದಿಲ್ಲ. ಎಲೆಯಂತೆ ಕಾಣುವ ಅದರ ಹಸಿರು ಹಲಗೆ ನಿಜವಾಗಿ ಕಾಂಡ. ಅದರ ಮೇಲೆ ಕೆಲವೊಮ್ಮೆ ಹತ್ತಿ ಮೆತ್ತಿದಂತೆ ಬಿಳಿ ಚುಕ್ಕೆಗಳಿರುತ್ತವೆ. ಉದ್ದ ಕಡ್ಡಿಯಿಂದ ಒಂದನ್ನು ಒತ್ತಿದರೆ ಗಾಢ ಕೆಂಪು ರಸ ಒಸರುತ್ತದೆ.

ಆ ಬಿಳಿ ಹೊದಿಕೆ ಮೇಣ. ಒಳಗಿರುವುದು ರೆಕ್ಕೆಯಿಲ್ಲದ ಹೆಣ್ಣು ಕೀಟ. ಒಮ್ಮೆ ಕಳ್ಳಿಗೆ ಬಾಯಿ ಚುಚ್ಚಿ ರಸ ಹೀರತೊಡಗಿದರೆ ಅದು ಜಾಗ ಬಿಟ್ಟು ಕದಲುವುದಿಲ್ಲ. ಓಡಲಾರದ ಜೀವ ಶತ್ರುಗಳಿಂದ ಪಾರಾಗುವುದು ಹೇಗೆ? ಅದರ ಮೈಯೊಳಗೆ ಕಾರ್ಮಿನಿಕ್ ಆಮ್ಲವಿದೆ. ಇರುವೆಗಳಿಗೆ ಅದರ ರುಚಿ ಹಿಡಿಸುವುದಿಲ್ಲ. ಕೆಂಪು ಬಣ್ಣವೂ ಅದರದೇ.

ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲಿನ ನೇಕಾರರು ಎರಡು ಸಾವಿರ ವರ್ಷಗಳ ಹಿಂದೆಯೇ ಈ ಕೀಟದ ಹತ್ತಿರದ ಬಂಧು ಕೊಚಿನೀಲನ್ನು ಒಣಗಿಸಿ, ಅರೆದು, ಉಣ್ಣೆಗೆ ಬಣ್ಣ ಹಾಕುತ್ತಿದ್ದರು. ಒಂದು ಕಿಲೋ ಒಣಕೀಟಕ್ಕೆ ಸುಮಾರು ಒಂದೂವರೆ ಲಕ್ಷ ಹುಳುಗಳು ಬೇಕು! ಬಣ್ಣ ತೊಳೆದುಹೋಗದಿರಲು ಪಟಿಕದಂಥ ಲವಣ ಸೇರಿಸುತ್ತಾರೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಒಂದು ಕಡೆ ಉಣ್ಣೆಯನ್ನೂ ಇನ್ನೊಂದು ಕಡೆ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ.

ಅಲ್ಲಿನ ಇಂಕಾ ಜನ ಲೆಕ್ಕವನ್ನೂ ದಾರದಲ್ಲೇ ಇಡುತ್ತಿದ್ದರು. ಬಿಡಿ, ಹತ್ತು, ನೂರು ಎಂದು ಒಂದೊಂದು ಸ್ಥಾನಕ್ಕೆ ಒಂದೊಂದು ಕಡೆ ಗಂಟು. ಅದರ ಹೆಸರು ಕೀಪು. ಚಿಲಿ ದೇಶದಲ್ಲಿ 1948ರಲ್ಲಿ ಹುಟ್ಟಿದ ಕಲಾವಿದೆ ಸೆಸಿಲಿಯಾ ವಿಕುನ್ಯಾ ಈ ಕೀಪುವನ್ನೇ ಕಲೆಯಾಗಿಸಿದವರು. 2017ರಲ್ಲಿ ಅಥೆನ್ಸ್‌ನಲ್ಲಿ ಅವರು ನೂಲದ ಕೆಂಪು ಉಣ್ಣೆಯ ಭಾರಿ ಎಳೆಗಳನ್ನು ಎತ್ತರದಿಂದ ಇಳಿಬಿಟ್ಟಿದ್ದರು.

ಸರಿ, ಅಮೆರಿಕದ ಹುಳು ನಮ್ಮ ಬದುವಿಗೆ ಬಂದದ್ದು ಹೇಗೆ? ಕಳ್ಳಿಯೂ ಅಲ್ಲಿಂದಲೇ ಬಂದದ್ದು. ಬಣ್ಣದ ವ್ಯಾಪಾರ ಮಾಡುವ ಆಸೆಯಿಂದ ಬ್ರಿಟಿಷರು 1795ರಲ್ಲಿ ಬ್ರೆಜಿಲ್‌ನಿಂದ ಕೀಟ ತರಿಸಿದರು. ಬಂದದ್ದು ಬೇರೆ ಜಾತಿ. ಒಳ್ಳೆಯ ಬಣ್ಣ ಸಿಗಲಿಲ್ಲ, ಆದರೆ ಅದು ಒಂದು ಬಗೆಯ ಕಳ್ಳಿಯನ್ನು ಹೀರಿ ಒಣಗಿಸಿಬಿಟ್ಟಿತು. ಇದೂ ಉಪಯೋಗಕ್ಕೆ ಬಂತು. 1926ರಲ್ಲಿ ಇನ್ನೊಂದು ಜಾತಿಯ ಕೀಟವನ್ನು ಶ್ರೀಲಂಕಾದಿಂದ ತಂದು, ದಕ್ಷಿಣ ಭಾರತದಲ್ಲಿ ಎಲ್ಲೆಡೆ ಹಬ್ಬಿದ್ದ ಪಾಪಾಸುಕಳ್ಳಿಯ ಮೇಲೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳಿ ಹತೋಟಿಗೆ ಬಂತು. ಕಳೆಯನ್ನು ಕೀಟದಿಂದಲೇ ಅಡಗಿಸುವ ಈ ವಿಧಾನಕ್ಕೆ ಜೈವಿಕ ನಿಯಂತ್ರಣ ಎನ್ನುತ್ತಾರೆ.

ಮತ್ತೆ ಉಣ್ಣೆಯ ಬಣ್ಣಕ್ಕೆ ಬಂದರೆ, ನಮ್ಮ ಕುರುಬರ ಕರಿಕಂಬಳಿಗೆ ಹುಳುವೂ ಬೇಡ, ಪಟಿಕವೂ ಬೇಡ. ದಖನಿ ಕುರಿಯ ಉಣ್ಣೆ ಹುಟ್ಟಿನಿಂದಲೇ ಕಪ್ಪು. ನಿಮ್ಮ ತಲೆಗೂದಲಿಗೆ ಕಪ್ಪು ಕೊಡುವ ಮೆಲನಿನ್ ಅದರಲ್ಲೂ ಇದೆ.

ಈಗ ನಿಮಗೊಂದು ಕೆಲಸ. ದೊಡ್ಡವರ ಜೊತೆ ಹೋಗಿ ಕಳ್ಳಿಯ ಮೇಲಿನ ಆ ಬಿಳಿ ಚುಕ್ಕೆಗಳನ್ನು ಕಡ್ಡಿಯಿಂದ ಕಾಗದಕ್ಕೆ ಕೆರೆದು, ನೀರಿನಲ್ಲಿ ಕದಡಿ ಸೋಸಿ, ಎರಡು ಲೋಟಗಳಿಗೆ ಹಂಚಿ. ಒಂದು ಲೋಟಕ್ಕೆ ನಿಂಬೆರಸ, ಇನ್ನೊಂದಕ್ಕೆ ಅಡುಗೆಸೋಡಾ ಹಾಕಿ. ಹುಳಿಗೆ ಬಣ್ಣ ಕಿತ್ತಳೆಯತ್ತ, ಸೋಡಾಕ್ಕೆ ನೇರಳೆಯತ್ತ ತಿರುಗಬೇಕು. ದಾಸವಾಳದ ನೀರಿನಲ್ಲೂ ಹೀಗೇ ಮಾಡಿ ನೋಡಿ. ಎರಡೂ ಒಂದೇ ರೀತಿ ಬದಲಾದವೇ? ಪಟ್ಟಿ ಮಾಡಿ ಮೇಷ್ಟ್ರಿಗೆ ತೋರಿಸಿ.