ಬಣ್ಣದ ದೀಪಕ್ಕೆ ಪಾಠ ಹೇಳೋಣ

(ನಾಯಕನಹಟ್ಟಿಯಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯವರ ಜಾತ್ರೆ ಬಂತೆಂದರೆ ಈ ಊರು ಸೀರಿಯಲ್ ಸೆಟ್ಟುಗಳಿಂದ ಬೆಳಗುತ್ತದೆ. ಮದುವೆಗೆ, ಉರುಸಿಗೆ, ಗಣೇಶನ ಪೆಂಡಾಲಿಗೆ ಎಲ್ಲಕ್ಕೂ ಅವೇ ದೀಪಗಳು. ಕಂಬ ಹತ್ತಿ ಅವನ್ನು ಕಟ್ಟುವವರಲ್ಲಿ ನಮ್ಮ ಮನೆಗಳ ಹುಡುಗರೂ ಇದ್ದಾರೆ. ಹತ್ತನೆಯ ತರಗತಿ ಮುಗಿಯುವ ಮೊದಲೇ ವೈರಿಂಗ್ ಕೆಲಸಕ್ಕೆ ಇಳಿದವರೂ ಉಂಟು. ಅವರ ಕೈಯಲ್ಲಿ ಕೆಲಸವಿದೆ. ಆದರೆ ದೀಪ ಹೇಗೆ ಮಿನುಗಬೇಕೆಂದು ತೀರ್ಮಾನಿಸುವುದು ಅವರಲ್ಲ, ಎಲ್ಲೋ ತಯಾರಾಗಿ ಬಂದ ಒಂದು ಚಿಕ್ಕ ಪೆಟ್ಟಿಗೆ. ಕೆಟ್ಟರೆ ಎಸೆದು ಇನ್ನೊಂದು ತರುತ್ತೇವೆ. ಅಂಥದೊಂದನ್ನು ನಾವೇ ಮಾಡಬಹುದೇ ಎಂಬುದು ಇವತ್ತಿನ ಮಾತು.

ಅದಕ್ಕೆ ಬೇಕಾದದ್ದು ಮೈಕ್ರೋಕಂಟ್ರೋಲರ್, ಒಂದೇ ಚಿಪ್ಪಿನಲ್ಲಿ ಅಡಗಿದ ಪುಟ್ಟ ಕಂಪ್ಯೂಟರ್. ಕಲಿಯುವವರ ಅನುಕೂಲಕ್ಕಾಗಿ ಅದನ್ನು ಬೋರ್ಡಿನ ಮೇಲೆ ಕೂರಿಸಿದ್ದೇ ಆರ್ಡುಯಿನೊ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೆಂದೇ ಇದು ಹುಟ್ಟಿತು. ಇದರ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿರುವುದರಿಂದ ಅದೇ ಬಗೆಯ ಬೋರ್ಡುಗಳು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ.

ಪ್ರೋಗ್ರಾಂ ಎಂದ ಕೂಡಲೇ ಗಾಬರಿ ಬೇಡ. ಮೊಳಕಾಲ್ಮೂರಿನ ರೇಷ್ಮೆ ಮಗ್ಗ ಕಂಡವರಿಗೆ ಅದು ಅರ್ಧ ಗೊತ್ತಿದ್ದಂತೆಯೇ. ಜಕಾರ್ಡ್ ರಟ್ಟಿನಲ್ಲಿ ತೂತಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ರಟ್ಟು ಬದಲಿಸಿದರೆ ಚಿತ್ತಾರ ಬದಲಾಗುತ್ತದೆ, ಮಗ್ಗ ಅದೇ. ಇಲ್ಲಿಯೂ ವೈರು ಮುಟ್ಟದೆ, ಬರೆದ ಸಾಲು ತಿದ್ದಿದರೆ ದೀಪದ ಆಟ ಬದಲಾಗುತ್ತದೆ. ಕೆಂಪು ಹಚ್ಚು, 500 ಮಿಲಿಸೆಕೆಂಡು ಕಾಯಿ, ಆರಿಸು, ಮತ್ತೆ ಕಾಯಿ. ಮೊದಲ ಪಾಠ ಇಷ್ಟೇ.

ಬಣ್ಣದ ಎಲ್‌ಇಡಿಯ ಒಂದೇ ಬುರುಡೆಯೊಳಗೆ ಕೆಂಪು, ಹಸಿರು, ನೀಲಿ ಮೂರು ದೀಪಗಳಿರುತ್ತವೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದರೂ, ಪ್ರಖರ ನೀಲಿಗಾಗಿ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಬುರುಡೆಗೆ ಕಾಲು ನಾಲ್ಕು, ಉದ್ದನೆಯದು ಮೂರಕ್ಕೂ ಸಮಾನ. ಅದು ನೆಗೆಟಿವ್ ಆಗಿದ್ದರೆ ಗ್ರೌಂಡಿಗೆ ಕೊಡಬೇಕು. ಅಂಗಡಿಯವರು ಪಾಸಿಟಿವ್ ಸಮಾನವಾದದ್ದನ್ನು ಕೊಟ್ಟರೆ 5 ವೋಲ್ಟಿಗೆ ಕೊಡಬೇಕು, ಆಗ ಲೆಕ್ಕವೆಲ್ಲ ತಿರುವುಮುರುವು: 255 ಎಂದರೆ ದೀಪ ಆರುತ್ತದೆ! ಉಳಿದ ಮೂರು ಕಾಲಿಗೂ ಒಂದೊಂದು 220 ಓಮ್ ರೆಸಿಸ್ಟರ್ ಇರಲೇಬೇಕು. ಇಲ್ಲದಿದ್ದರೆ ಎಲ್‌ಇಡಿಯೋ ಬೋರ್ಡೋ ಸುಡುತ್ತದೆ.

255 ಎಲ್ಲಿಂದ ಬಂತು? ಬೋರ್ಡಿನ ಈ ಕಾಲುಗಳಿಗೆ ಅರ್ಧ ವೋಲ್ಟೇಜು ಕೊಡಲು ಬರುವುದಿಲ್ಲ, ಪೂರ್ತಿ ಹಚ್ಚುವುದು ಇಲ್ಲವೇ ಆರಿಸುವುದು, ಎರಡೇ. ಆದ್ದರಿಂದ ಅದು ಸೆಕೆಂಡಿಗೆ ಸುಮಾರು 490 ಸಲ ಹಚ್ಚಿ ಆರಿಸುತ್ತದೆ. ಹಚ್ಚಿದ ಹೊತ್ತು ಹೆಚ್ಚಾದಷ್ಟೂ ಬೆಳಕು ಹೆಚ್ಚು. ಕಣ್ಣಿಗೆ ಮಿಟುಕು ಕಾಣದು. ಆ ಹೊತ್ತನ್ನು 0ಯಿಂದ 255ರವರೆಗಿನ ಸಂಖ್ಯೆಯಾಗಿ ಬರೆಯುತ್ತೇವೆ. ಮೂರು ಬಣ್ಣಕ್ಕೂ 256 ಮಟ್ಟವೆಂದರೆ ಒಟ್ಟು 1,67,77,216 ಜೋಡಣೆಗಳು. ಕೆಂಪು ಹಸಿರು ಸೇರಿಸಿದರೆ ಹಳದಿ ಬರುತ್ತದೆ. ಡ್ರಾಯಿಂಗ್ ಮಾಡುವ ಮಕ್ಕಳು ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು, ಮಾಡಿ ನೋಡಬೇಕು. ಪೇಂಟು ಬೆಳಕನ್ನು ನುಂಗುತ್ತದೆ, ದೀಪ ಬೆಳಕನ್ನು ಕೂಡಿಸುತ್ತದೆ.

ಮುಂದೆ ಡಬ್ಲ್ಯೂಎಸ್2812ಬಿ ಎಂಬ ಪಟ್ಟಿ. ಒಂದೊಂದು ದೀಪಕ್ಕೂ ಅದರದೇ ಚಿಪ್ಪು, ಆಜ್ಞೆಗೆ ಒಂದೇ ವೈರು. ಪೂರ್ತಿ ಬಿಳಿ ಹಚ್ಚಿದರೆ ಒಂದು ದೀಪಕ್ಕೆ ಸುಮಾರು 60 ಮಿಲಿಆಂಪಿಯರ್. ಹಾಗಾದರೆ 60 ದೀಪಕ್ಕೆ? 3.6 ಆಂಪಿಯರ್. ಕಂಪ್ಯೂಟರಿನ ಸಾಮಾನ್ಯ ಯುಎಸ್‌ಬಿ ಕೊಡುವುದು ಅರ್ಧ ಆಂಪಿಯರ್. ಪ್ರತ್ಯೇಕ 5 ವೋಲ್ಟ್ ಸಪ್ಲೈ ಬೇಕು, ಎರಡರ ಗ್ರೌಂಡೂ ಸೇರಿರಬೇಕು. ತಾಯಂದಿರಿಗೆ ಒಂದು ಮಾತು: 5 ವೋಲ್ಟು ಶಾಕ್ ಹೊಡೆಯುವುದಿಲ್ಲ. 230 ವೋಲ್ಟಿನ ವಿಷಯ ಬೇರೆ, ಮಕ್ಕಳು ಅದರ ತಂಟೆಗೆ ಹೋಗಕೂಡದು.

‘ಇದರಿಂದ ಮಾರ್ಕ್ಸ್ ಬರುತ್ತದೆಯೇ’ ಎಂದು ಕೇಳುವ ಪೋಷಕರಿದ್ದಾರೆ. ನೇರವಾಗಿ ಬರುವುದಿಲ್ಲ. ಆದರೆ ಪುಸ್ತಕದಲ್ಲಿ ಉರು ಹೊಡೆದ ಓಮ್ ನಿಯಮ ಇಲ್ಲಿ ಕೈಗೆ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೆಲಸಕ್ಕೆಂದು ಶಾಲೆ ಬಿಟ್ಟ ಹುಡುಗನಿಗೆ ಡಿಪ್ಲೊಮಾ, ಐಟಿಐ ಕಡೆ ಮತ್ತೆ ಮುಖ ಮಾಡಲು ಇದೊಂದು ಬಾಗಿಲು. ವೈರು ಸುಲಿಯುವುದು, ಜಾಯಿಂಟು ಹಾಕುವುದು ಅವನಿಗೆ ಆಗಲೇ ಗೊತ್ತು. ಓದುವ ಹುಡುಗಿಗೆ ಲೆಕ್ಕ ಗೊತ್ತು. ಇಬ್ಬರನ್ನೂ ಒಂದೇ ಮೇಜಿಗೆ ತರುವವರು ಬೇಕು.

ಬೋರ್ಡು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಟಿಂಕರ್‌ಕ್ಯಾಡ್ ಎಂಬ ಉಚಿತ ತಾಣದಲ್ಲಿ ಕಂಪ್ಯೂಟರಿನ ಮೇಲೆಯೇ ಜೋಡಿಸಿ, ಬರೆದು, ಪರೀಕ್ಷಿಸಬಹುದು. ಪಕ್ಕದ ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನೀಡುತ್ತಾ ಬಂದಿದ್ದಾರೆ. ನಮ್ಮ ಶಿಕ್ಷಕರು ಅಲ್ಲಿಗೆ ಅರ್ಜಿ ಹಾಕಲಿ.

ಸಂಘದವರಲ್ಲಿ ನನ್ನ ಕೋರಿಕೆ ಇಷ್ಟು: ಹತ್ತು ಬೋರ್ಡು, ಹಳೆಯದಾದರೂ ಸರಿ ಎರಡು ಕಂಪ್ಯೂಟರು, ಭಾನುವಾರ ಬೆಳಿಗ್ಗೆ ಎರಡು ಗಂಟೆ ಒಂದು ಕೋಣೆ. ನಾಲ್ವರಿಗೊಂದು ಬೋರ್ಡು ಸಾಕು. ಆ ನಾಲ್ವರಲ್ಲಿ ಒಬ್ಬನಾದರೂ ವೈರಿಂಗ್ ಕೆಲಸದ ಹುಡುಗ ಇರಲಿ. ಅವನ ಮಾಲೀಕರೊಂದಿಗೆ ಮಾತಾಡುವ ಹೊಣೆಯನ್ನು ಹಿರಿಯರು ವಹಿಸಿಕೊಳ್ಳಬೇಕು.